ಮೂಡುಬಿದಿರೆಗೆ ಹೋದ ಗ್ರಾಫಿಕ್ಸ್ ಕಾರ್ಡ್

ಆ ಕಂಪ್ಯೂಟರ್ ಅಣ್ಣನದು ಎಂಬುದನ್ನು ನಾನು ಯಾವತ್ತೂ ಅಲ್ಲಗಳೆದಿಲ್ಲ. ಅವನು ಡಿಪ್ಲೊಮಾ ಓದುತ್ತಿದ್ದಾಗ ಅಪ್ಪ ತೆಗೆದುಕೊಟ್ಟದ್ದು. ಅವನು ಅದರಲ್ಲಿ ಓದಿದ್ದಕ್ಕಿಂತ ಸಿನಿಮಾ ಸಿಡಿ ಹಾಕಿ ನೋಡಿದ್ದೇ ಹೆಚ್ಚು. ಆಮೇಲೆ ಕತಾರಿನಲ್ಲಿ ಸ್ಟೋರ್‌ಕೀಪರ್ ಕೆಲಸ ಸಿಕ್ಕಿತು, ಹೋದ. ಅವನು ಹೋದ ಮರುದಿನವೇ ಅಮ್ಮ ಹಳೆಯ ಸೀರೆಯಲ್ಲಿ ಒಂದು ಹೊದಿಕೆ ಹೊಲಿದು ಕಂಪ್ಯೂಟರಿಗೆ ಹಾಕಿದರು. ಮೂರು ತಿಂಗಳು ಅದು ಹಾಗೆಯೇ ಮುಚ್ಚಿಕೊಂಡು ಕೂತಿತ್ತು. ಹೊದಿಕೆ ತೆಗೆದವಳು ನಾನು.

ನಮ್ಮ ಮನೆ ಲಾಯಿಲದಲ್ಲಿ. ಅಪ್ಪನದು ರಸ್ತೆ ಬದಿಯಲ್ಲಿ ಒಂದು ಸಣ್ಣ ಹೋಟೆಲು. ಬಿ.ಎ. ಮುಗಿಸಿದ ನಾನು ಬೆಳ್ತಂಗಡಿಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸಕ್ಕೆ ಸೇರಿದ್ದೆ. ಮದುವೆಯ ಕಾಗದ, ಗೃಹಪ್ರವೇಶದ ಕಾಗದ, ಭೂತಕೋಲದ ಕಾಗದ, ಉತ್ತರಕ್ರಿಯೆಯ ಕಾಗದ, ಇವನ್ನೆಲ್ಲ ದಿನವಿಡೀ ಟೈಪು ಮಾಡುವುದು. ಬಂದವರು ನನ್ನ ಹಿಂದೆ ನಿಂತು, ‘ಅಜ್ಜನ ಹೆಸರು ಸ್ವಲ್ಪ ದೊಡ್ಡ ಮಾಡಿ’, ‘ಭಾವನ ಹೆಸರು ಬಿಟ್ಟುಹೋಯ್ತು’ ಎನ್ನುವರು. ಸಂಜೆ ಮನೆಗೆ ಬಂದರೆ ನನಗೆ ಯಾರ ತಿದ್ದುಪಡಿಯೂ ಇಲ್ಲದ ಒಂದು ಗಂಟೆ ಬೇಕಾಗುತ್ತಿತ್ತು. ಪ್ರೆಸ್ಸಿನ ಕಂಪ್ಯೂಟರ್ ರಿಪೇರಿಗೆ ಬರುತ್ತಿದ್ದವರು ಒಮ್ಮೆ ಒಂದು ಕಾರ್ ರೇಸಿನ ಸಿಡಿ ಕೊಟ್ಟರು. ಅಲ್ಲಿಂದ ಶುರುವಾಯಿತು.

ನನಗೆ ಸ್ಕೂಟರ್ ಕಲಿಸಲು ಮನೆಯಲ್ಲಿ ಯಾರೂ ಒಪ್ಪಿರಲಿಲ್ಲ. ಈ ಆಟದಲ್ಲಿ ನಾನು ಬೆಟ್ಟದ ತಿರುವಿನಲ್ಲಿ ಬ್ರೇಕು ಮುಟ್ಟದೆ ಕಾರು ತಿರುಗಿಸುತ್ತಿದ್ದೆ. ಚೆನ್ನಾಗಿಯೇ ಆಡುತ್ತಿದ್ದೆ, ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಆದರೆ ಆ ಹಳೆಯ ಕಂಪ್ಯೂಟರಿನಲ್ಲಿ ಕಾರುಗಳು ಬೆಂಕಿಪೊಟ್ಟಣದ ಹಾಗೆ ಕಾಣುತ್ತಿದ್ದವು. ಮರಗಳೆಲ್ಲ ಕಾಗದದಲ್ಲಿ ಕತ್ತರಿಸಿ ನಿಲ್ಲಿಸಿದಂತೆ. ಅದೇ ಆಟದ ಹೊಸ ಸಿಡಿ ತಂದು ಹಾಕಿದಾಗ ಅದು ತೆರೆದುಕೊಳ್ಳಲೇ ಇಲ್ಲ. ಚಿತ್ರ ಮೂಡಿಸುವ ಶಕ್ತಿ ನಿಮ್ಮ ಯಂತ್ರಕ್ಕೆ ಸಾಲದು ಎಂದು ಇಂಗ್ಲಿಷಿನಲ್ಲಿ ಹೇಳಿ ಮುಚ್ಚಿಕೊಂಡಿತು.

ರಿಪೇರಿಯವರನ್ನು ಕೇಳಿದೆ. ‘ನಿಮ್ಮದರಲ್ಲಿ ಗ್ರಾಫಿಕ್ಸ್ ಬೋರ್ಡಿನೊಳಗೇ ಇರುವುದು, ಅದು ಕಾಗದಪತ್ರದ ಕೆಲಸಕ್ಕೆ ಸಾಕು, ಗೇಮಿಗೆ ಸಾಲದು. ಬೇರೆ ಕಾರ್ಡ್ ಹಾಕ್ಬೇಕು. ಒಳಗೆ ಕಂದು ಬಣ್ಣದ ಒಂದು ಸ್ಲಾಟ್ ಉಂಟಾ ನೋಡಿ. ಇದ್ರೆ ಅದು ಎಜಿಪಿ. ಈಗ ಅಂಗಡಿಗೆ ಬರುವ ಹೊಸ ಕಾರ್ಡ್ ಅದಕ್ಕೆ ಕೂರುವುದಿಲ್ಲ, ಎಜಿಪಿಯದ್ದೇ ಕೇಳಿ ತೆಗೊಳ್ಳಿ’ ಎಂದರು.

ಭಾನುವಾರ ಅಮ್ಮ ದೇವಸ್ಥಾನಕ್ಕೆ ಹೋಗಿದ್ದಾಗ ಕಂಪ್ಯೂಟರಿನ ಡಬ್ಬಿ ಬಿಚ್ಚಿದೆ. ಒಳಗೆ ಬೆರಳು ದಪ್ಪದ ಧೂಳು. ಮೂಲೆಯಲ್ಲಿ ಎರಡು ಹಲ್ಲಿ ಮೊಟ್ಟೆ. ಸ್ಕ್ರೂಗಳಿಗೆ ತುಕ್ಕು. ಧೂಳು ಒರೆಸಿದ ಮೇಲೆ ಕಂದು ಬಣ್ಣದ ಸ್ಲಾಟ್ ಕಂಡಿತು. ಬೋರ್ಡಿನ ಮೇಲಿದ್ದ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಂಡೆ.

ಸಂಬಳದಲ್ಲಿ ಕೂಡಿಟ್ಟದ್ದು ಸಾಕಾದಾಗ ಅಪ್ಪನ ಜೊತೆ ಬಿ.ಸಿ.ರೋಡಿಗೆ ಹೋದೆ. ಅಪ್ಪನಿಗೆ ಹೋಟೆಲಿಗೆ ಪಾತ್ರೆ ತರಲಿಕ್ಕಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೆ ಒಂದು ಕಂಪ್ಯೂಟರ್ ಅಂಗಡಿ. ನಾನು ಚೀಟಿ ಕೈಯಲ್ಲಿ ಹಿಡಿದು ಹೇಳುತ್ತಿದ್ದರೆ ಅಂಗಡಿಯವರು ಅಪ್ಪನ ಮುಖ ನೋಡಿಕೊಂಡು ಕೇಳಿದರು.

‘ಮಗನಿಗಾ?’

‘ಅಲ್ಲ, ಇವಳಿಗೆ’ ಎಂದರು ಅಪ್ಪ.

‘ಪ್ರೆಸ್ಸಿನ ಕೆಲಸಕ್ಕಾ?’ ಮತ್ತೆ ಅಪ್ಪನನ್ನೇ.

‘ಗೇಮಿಗೆ’ ಎಂದೆ ನಾನು.

ಅವರು ನಕ್ಕು, ಕಪಾಟಿನಿಂದ ಒಂದು ಕಾರ್ಡ್ ತೆಗೆದು ಅಪ್ಪನ ಮುಂದೆ ಇಟ್ಟರು. ಅದರ ಹಲ್ಲುಗಳನ್ನು ನೋಡಿದೊಡನೆ ಅದು ಹೊಸ ಬಗೆಯದ್ದು, ನಮ್ಮ ಸ್ಲಾಟಿಗೆ ಕೂರುವುದಿಲ್ಲ ಎಂದು ನನಗೆ ಗೊತ್ತಾಯಿತು. ಹೇಳಿದೆ. ‘ಎಲ್ಲದಕ್ಕೂ ಆಗ್ತದೆ ಇದು, ನಾವು ದಿನಾ ಮಾರ್ತೇವೆ’ ಎಂದರು. ‘ನಮ್ಮದು ಎಜಿಪಿ’ ಎಂದೆ. ‘ನೀವು ಸಿಪಿಯು ತನ್ನಿ, ನಾವು ಕೂರಿಸಿ ಕೊಡ್ತೇವೆ’ ಎಂದರು. ‘ಕೂರದ್ದನ್ನು ಹೇಗೆ ಕೂರಿಸ್ತೀರಿ?’ ಎಂದು ಕೇಳಿದೆ. ನನ್ನ ಧ್ವನಿ ಏರಿತ್ತು. ಅಪ್ಪ ನನ್ನ ಮೊಣಕೈ ಮುಟ್ಟಿ ಸುಮ್ಮನಿರು ಎಂಬಂತೆ ಒತ್ತಿದರು. ಅಂಗಡಿಯವರು ಮುಖ ಗಂಟು ಹಾಕಿಕೊಂಡೇ ಒಳಗೆ ಹೋಗಿ ಎಜಿಪಿ ಕಾರ್ಡ್ ತಂದರು. ಇತ್ತು, ಮೊದಲಿಂದಲೂ ಇತ್ತು. ಹಳೆಯ ಬಗೆಯದ್ದನ್ನು ಹುಡುಕಿ ಕೊಡುವ ತೊಂದರೆ ಬೇಡ ಎಂದು ಆಗದ್ದನ್ನು ದಾಟಿಸಲು ನೋಡಿದ್ದು. ಬಿಲ್ಲನ್ನು ಅಪ್ಪನ ಹೆಸರಿಗೆ ಬರೆದರು. ನಾನು ಅದನ್ನು ಹೊಡೆದುಹಾಕಿಸಿ ನನ್ನ ಹೆಸರು ಬರೆಸಿದೆ. ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಪುಂಜಾಲಕಟ್ಟೆಯವರೆಗೆ ಪಾತ್ರೆಯ ಚೀಲವನ್ನು ಕಾಲಿನ ನಡುವೆ ಸರಿಪಡಿಸುತ್ತಾ ಕೂತರು. ಆಮೇಲೆ, ‘ನೀನು ಹೇಳಿದ್ದು ಸರಿ. ಆದ್ರೆ ಅಷ್ಟು ಜೋರು ಮಾಡ್ಬಾರ್ದು’ ಎಂದರು.

ಕೂರಿಸಿದ್ದು ನಾನೇ. ಬೆಳ್ಳಿಬಣ್ಣದ ಕವರಿನಿಂದ ಕಾರ್ಡನ್ನು ಅಂಚಿನಲ್ಲಿ ಹಿಡಿದು ತೆಗೆದು ಸ್ಲಾಟಿನಲ್ಲಿಟ್ಟು ಒತ್ತಿದೆ. ಟಕ್ ಎಂದಿತು. ಆ ಕಾರ್ಡಿಗೆ ಸ್ಲಾಟಿನಿಂದ ಬರುವ ಕರೆಂಟು ಸಾಲದು, ಹಾರ್ಡ್‌ಡಿಸ್ಕಿಗೆ ಹೋಗುವಂಥದ್ದೇ ಒಂದು ವೈರನ್ನು ಅದರ ಬೆನ್ನಿಗೂ ಚುಚ್ಚಬೇಕು ಎಂದು ಪುಸ್ತಿಕೆಯಲ್ಲಿ ಬರೆದಿತ್ತು. ಒಳಗೆ ಒಂದು ವೈರು ಉಪಯೋಗವಿಲ್ಲದೆ ನೇತಾಡುತ್ತಿತ್ತು, ಅದನ್ನು ಚುಚ್ಚಿದೆ. ಮಾನಿಟರಿನ ಕೇಬಲನ್ನು ಹಳೆಯ ಜಾಗದಿಂದ ಕಿತ್ತು ಹೊಸದಕ್ಕೆ ಸಿಕ್ಕಿಸಿದೆ. ಮೊದಲು ಪರದೆ ಕಪ್ಪಾಗಿಯೇ ಇತ್ತು. ಕಾರ್ಡನ್ನು ತೆಗೆದು ಇನ್ನೊಮ್ಮೆ ಗಟ್ಟಿಯಾಗಿ ಒತ್ತಿದ ಮೇಲೆ ಚಿತ್ರ ಬಂತು.

ಆಟ ತೆರೆದುಕೊಂಡಿತು. ಅದರೊಳಗೆ ಮಳೆ ಬಿದ್ದು ನಿಂತ ರಸ್ತೆ. ಆ ನೀರಿನಲ್ಲಿ ಕಾರಿನ ಕೆಂಪು ದೀಪ ಅಲುಗಾಡುತ್ತಿತ್ತು. ನಾನು ರೇಸನ್ನೇ ಮರೆತು ಕಾರನ್ನು ಬದಿಗೆ ನಿಲ್ಲಿಸಿ ನೋಡಿದೆ. ಅಮ್ಮನನ್ನು ಕರೆದು ತೋರಿಸಿದೆ. ‘ಚಂದ ಉಂಟು. ಇದಕ್ಕಾ ಅಷ್ಟು ಸಂಬಳ ಹಾಕಿದ್ದು?’ ಎಂದು ಒಳಗೆ ಹೋದರು. ಹೌದು, ಇದಕ್ಕೇ.

ಏಳೆಂಟು ತಿಂಗಳು ಹಾಗೆ ಹೋಯಿತು. ಅಷ್ಟರಲ್ಲಿ ಅಣ್ಣನಿಗೆ ಮೂಡುಬಿದಿರೆಯಲ್ಲಿ ಹುಡುಗಿ ಗೊತ್ತಾಯಿತು. ಅವನು ರಜೆಯಲ್ಲಿ ಬಂದ. ಮದುವೆಯ ಕಾಗದವನ್ನು ನಾನೇ ಕೂತು ಮಾಡಿದೆ, ಅಕ್ಷರ ಅಕ್ಷರ ನೋಡಿ. ಮದುವೆ ಚೆನ್ನಾಗಿಯೇ ಆಯಿತು. ಅತ್ತಿಗೆ ಮಾತು ಕಡಿಮೆ, ಒಳ್ಳೆಯವರು. ಮದುವೆಯಾಗಿ ಎರಡು ವಾರದ ಮೇಲೆ ಅಣ್ಣ ಅತ್ತಿಗೆ ಇಬ್ಬರೂ ಮೂಡುಬಿದಿರೆಗೆ, ಅತ್ತಿಗೆಯ ತವರಿಗೆ, ಎರಡು ದಿನ ಇದ್ದು ಬರಲು ಹೋದರು. ನಾನು ಪ್ರೆಸ್ಸಿನಲ್ಲಿದ್ದೆ.

ಸಂಜೆ ಬಂದು ಕಂಪ್ಯೂಟರ್ ಹಾಕಿದರೆ ಪರದೆಗೆ ಏನೂ ಬರಲಿಲ್ಲ. ಹಿಂದುಗಡೆ ಬಗ್ಗಿ ನೋಡಿದೆ. ಕೇಬಲ್ ನೆಲದ ಮೇಲೆ ಬಿದ್ದಿತ್ತು, ಅದನ್ನು ಚುಚ್ಚುವ ಜಾಗದಲ್ಲಿ ಒಂದು ಉದ್ದದ ತೂತು ಮಾತ್ರ ಇತ್ತು. ಡಬ್ಬಿ ಬಿಚ್ಚಿದೆ. ಕಾರ್ಡ್ ಇರಲಿಲ್ಲ. ವೈರು ಮೊದಲಿನ ಹಾಗೆ ನೇತಾಡುತ್ತಿತ್ತು.

‘ಅಮ್ಮಾ, ಇದನ್ನು ಯಾರು ಮುಟ್ಟಿದ್ದು?’

‘ಅಣ್ಣ ಬೆಳಿಗ್ಗೆ ಎಂತದೋ ತೆಗೆದ. ಅವರ ಮನೆಗೆ ಅಂತ ಹಪ್ಪಳ ಕಟ್ಟಿ ಕೊಟ್ಟಿದ್ದೆ, ಆ ಚೀಲದಲ್ಲೇ ಹಾಕಿಕೊಂಡು ಹೋದ.’

ಹಪ್ಪಳದ ಚೀಲದಲ್ಲಿ. ಬೆಳ್ಳಿ ಕವರು ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು. ನಾನು ಉಗುರು ತಾಗಿಸದೆ ಅಂಚಿನಲ್ಲಿ ಹಿಡಿದ ವಸ್ತುವನ್ನು ಅವನು ಹಲಸಿನ ಹಪ್ಪಳದ ಜೊತೆ ತುರುಕಿಕೊಂಡು ಹೋಗಿದ್ದ. ಅತ್ತಿಗೆಯ ತವರಿಗೆ ಫೋನು ಮಾಡಿದೆ. ಅಣ್ಣನೇ ಫೋನಿಗೆ ಬಂದ.

‘ಓ, ಅದಾ? ಇವಳ ತಮ್ಮನಿಗೆ ಕೊಟ್ಟೆ. ಇಂಜಿನಿಯರಿಂಗ್ ಓದ್ತಿದ್ದಾನೆ, ಅವನಿಗೆ ಉಪಯೋಗ ಆಗ್ತದೆ.’

‘ಅದು ನನ್ನದು. ನನ್ನ ಸಂಬಳದ್ದು.’

‘ಕಂಪ್ಯೂಟರೇ ನನ್ನದು ಮಾರಾಯ್ತಿ!’ ಎಂದು ನಕ್ಕ. ಹಿಂದಿನಿಂದ ಇನ್ನೂ ಯಾರೋ ನಕ್ಕದ್ದು ಕೇಳಿಸಿತು.

ಎರಡು ದಿನ ಬಿಟ್ಟು ಅವನು ಆರಾಮವಾಗಿ ಬಂದ. ಕಾರ್ಡ್ ತಂದುಕೊಡು ಎಂದೆ. ‘ಕೊಟ್ಟದ್ದನ್ನು ವಾಪಸ್ ಕೇಳ್ಲಿಕ್ಕಾಗ್ತದಾ? ಹೆಂಡತಿ ಮನೆಯಲ್ಲಿ ನನ್ನ ಮರ್ಯಾದೆ ಎಂತ ಆಗ್ಬೇಕು?’ ಎಂದ. ಅಮ್ಮ, ‘ಅವನು ಇನ್ನು ಹದಿನೈದು ದಿನದಲ್ಲಿ ಹೋಗುವವ, ಜಗಳ ಬೇಡ’ ಎಂದರು. ಅಪ್ಪ, ‘ಬಿಡು, ನಾನು ಇನ್ನೊಂದು ತೆಗೆದು ಕೊಡ್ತೇನೆ’ ಎಂದರು. ನನಗೆ ಇನ್ನೊಂದು ಬೇಕಾಗಿರಲಿಲ್ಲ. ನನ್ನದನ್ನು ಕೇಳದೆ ತೆಗೆದದ್ದು ತಪ್ಪು ಎಂದು ಮೂವರಲ್ಲಿ ಒಬ್ಬರ ಬಾಯಿಂದ ಬಂದಿದ್ದರೆ ಬಹುಶಃ ನಾನು ಅಲ್ಲಿಗೇ ಬಿಡುತ್ತಿದ್ದೆ. ಒಬ್ಬರೂ ಹೇಳಲಿಲ್ಲ. ಆಟದ ಸಾಮಾನಿಗೆ ಇಷ್ಟು ಹಟವಾ ಎಂಬುದೇ ಎಲ್ಲರ ಮಾತು. ಅಂಥ ಆಟದ ಸಾಮಾನನ್ನು ಬೀಗರ ಮನೆಗೆ ಉಡುಗೊರೆಯಾಗಿ ಒಯ್ಯುವಾಗ ಮಾತ್ರ ಅದಕ್ಕೆ ಬೆಲೆ ಬಂದಿತ್ತು.

ಒಂದು ವಾರ ನಾನು ಅವನ ಮುಖ ನೋಡಿ ಊಟ ಮಾಡಲಿಲ್ಲ. ಪ್ರೆಸ್ಸಿನಲ್ಲಿ ಟೈಪು ಮಾಡುವಾಗ ತಪ್ಪು ಬೀಳುತ್ತಿತ್ತು. ವಧುವಿನ ಹೆಸರಿದ್ದಲ್ಲಿ ಒಮ್ಮೆ ವರನ ಚಿಕ್ಕಪ್ಪನ ಹೆಸರು ಬಂತು.

ಭಾನುವಾರ ಬೆಳಿಗ್ಗೆ ವ್ಯಾನಿಟಿ ಬ್ಯಾಗಿನಲ್ಲಿ ಬೆಳ್ಳಿ ಕವರು, ಒಂದು ಸ್ಕ್ರೂಡ್ರೈವರ್ ಹಾಕಿಕೊಂಡು ಹೊರಟೆ. ಎಲ್ಲಿಗೆ ಎಂದು ಅಮ್ಮ ಕೇಳಿದಾಗ, ‘ಮೂಡುಬಿದಿರೆಗೆ’ ಎಂದೆ. ಸುಳ್ಳು ಹೇಳಲಿಲ್ಲ. ಅಲ್ಲಿನ ಪೇಟೆಗೆ ಅಂದುಕೊಂಡರೇನೋ, ಒಳಗೆ ಹೋದರು. ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ ವೇಣೂರಿನ ಮೇಲಿಂದ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿದೆ. ಆ ಮನೆಯ ಗೇಟು ಕಂಡಾಗ ಎಲ್ಲ ಮರೆತುಹೋಯಿತು.

ಅತ್ತಿಗೆಯ ಅಮ್ಮ ಬಾಗಿಲಿಗೆ ಬಂದರು. ‘ಓ, ಬನ್ನಿ ಬನ್ನಿ. ಒಬ್ಬರೇ ಬಂದ್ರಾ? ಎಲ್ಲ ಸೌಖ್ಯವಾ?’ ಎಂದು ಬೆಲ್ಲ, ನೀರು ತಂದಿಟ್ಟರು. ಚಾವಡಿಯಲ್ಲಿ ಅವರ ಸಂಬಂಧಿಕರು ಇಬ್ಬರು ಕೂತಿದ್ದರು. ನೀರು ಕುಡಿದೆ. ಆಮೇಲೆ ಹೇಳಿದೆ.

‘ಅಣ್ಣ ಮೊನ್ನೆ ಒಂದು ಕಾರ್ಡ್ ತಂದುಕೊಟ್ಟಿದ್ದಾನಲ್ಲ, ಅದು ನನ್ನದು. ನನ್ನ ಹತ್ರ ಕೇಳದೆ ತಂದದ್ದು. ತೆಗೊಂಡು ಹೋಗ್ಲಿಕ್ಕೆ ಬಂದದ್ದು ನಾನು.’

ಅವರಿಗೆ ಯಾವ ಕಾರ್ಡೆಂದೇ ಅರ್ಥವಾಗಲಿಲ್ಲ. ಮಗನನ್ನು ಕರೆದರು. ಮೀಸೆ ಬಿಟ್ಟ, ದೊಡ್ಡ ಮೈಕಟ್ಟಿನ ಹುಡುಗ, ಇಂಜಿನಿಯರಿಂಗ್ ಕೊನೆಯ ವರ್ಷ. ‘ಭಾವ ಹೇಳಿದ್ರು ಅದು ಮನೆಯಲ್ಲಿ ಸುಮ್ಮನೆ ಬಿದ್ದಿತ್ತು ಅಂತ’ ಎಂದ.

‘ಬಿದ್ದಿರಲಿಲ್ಲ. ನಾನು ಆಡ್ತಿದ್ದೆ.’

‘ನೀವಾ? ನೀವು ಗೇಮ್ ಆಡ್ತೀರಾ?’ ಎಂದು ಸಂಬಂಧಿಕರ ಕಡೆ ನೋಡಿ ನಕ್ಕ.

ಆ ನಗುವಿನವರೆಗೆ ನನಗೆ ಅವನ ಮೇಲೆ ಸಿಟ್ಟಿರಲಿಲ್ಲ. ‘ಕಂಪ್ಯೂಟರ್ ಎಲ್ಲಿ ಉಂಟು?’ ಎಂದೆ. ಅವನ ಕೋಣೆಗೆ ಹೋದೆ, ಅವನು ಹಿಂದೆ ಹಿಂದೆ ಬಂದ. ‘ನಾನು ತೆಗೆದು ಕೊಡ್ತೇನೆ, ನಿಮಗೆ ಗೊತ್ತಾಗ್ಲಿಕ್ಕಿಲ್ಲ’ ಎಂದ. ನಾನು ಉತ್ತರ ಕೊಡದೆ ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿ, ಡಬ್ಬಿಯ ಬದಿಯ ತಗಡು ತೆಗೆದೆ.

ಕಾರ್ಡ್ ಸ್ಲಾಟಿನಲ್ಲಿ ಕೂತಿತ್ತು. ಆದರೆ ಅದರ ಬೆನ್ನಿಗೆ ಚುಚ್ಚಬೇಕಾದ ವೈರನ್ನು ಚುಚ್ಚಿರಲೇ ಇಲ್ಲ.

‘ಇದು ಯಾಕೆ ಹೀಗೆ?’ ಎಂದೆ.

‘ಯಾವುದು?’

‘ಕರೆಂಟಿನ ವೈರು. ಕಂಪ್ಯೂಟರ್ ಹಾಕುವಾಗ ಒಂದು ಮೆಸೇಜ್ ಬರ್ತಿತ್ತಾ?’

‘ಹೌದು, ಪ್ರತಿ ಸಲ ಬರ್ತದೆ. ಓಕೆ ಒತ್ತಿದ್ರೆ ಹೋಗ್ತದೆ.’

‘ಅದನ್ನು ಓದಿದ್ದೀರಾ?’

ಕರೆಂಟು ಸಾಲದೆ ಕಾರ್ಡ್ ತನ್ನನ್ನು ತಾನೇ ನಿಧಾನ ಮಾಡಿಕೊಂಡಿದೆ ಎಂದು ಆ ಮೆಸೇಜ್ ದಿನಾ ಹೇಳುತ್ತಿತ್ತು. ಇವನು ದಿನಾ ಓಕೆ ಒತ್ತುತ್ತಿದ್ದ. ಅಣ್ಣನಿಗೆ ಫೋನಿನಲ್ಲಿ, ಸೂಪರ್ ಕಾರ್ಡ್ ಭಾವ ಎಂದೂ ಹೇಳಿದ್ದನಂತೆ. ‘ಇಂಜಿನಿಯರಿಂಗ್ ಓದುವವರಿಗೆ ಉಪಯೋಗ ಆಗ್ತದೆ ಅಂತ ತಂದದ್ದಂತೆ ಇದು’ ಎಂದೆ. ಬಾಗಿಲಲ್ಲಿ ನಿಂತಿದ್ದ ಅವನ ಅಮ್ಮನಿಗೂ, ಚಾವಡಿಯಲ್ಲಿದ್ದವರಿಗೂ ಕೇಳುವಷ್ಟು ಜೋರಾಗಿಯೇ ಹೇಳಿದೆ. ಕಾರ್ಡನ್ನು ಅಂಚಿನಲ್ಲಿ ಹಿಡಿದು ತೆಗೆದೆ. ಫ್ಯಾನಿನ ಎಸಳಿನಲ್ಲಿ ಹಪ್ಪಳದ ಒಂದು ಚೂರು ಸಿಕ್ಕಿಕೊಂಡಿತ್ತು. ಅದನ್ನು ಊದಿ, ಕವರಿಗೆ ಹಾಕಿ, ಡಬ್ಬಿಯ ತಗಡು ಮತ್ತೆ ಕೂರಿಸಿ, ಮಾನಿಟರಿನ ಕೇಬಲನ್ನು ಅವನ ಕಂಪ್ಯೂಟರಿನ ಹಳೆಯ ಜಾಗಕ್ಕೆ ಚುಚ್ಚಿ ಎದ್ದೆ. ಆ ಮನೆಯ ಕಂಪ್ಯೂಟರ್ ನನ್ನ ಕಾರ್ಡ್ ಬರುವ ಮೊದಲು ಹೇಗೆ ನಡೆಯುತ್ತಿತ್ತೋ ಹಾಗೆ ಬಿಟ್ಟು ಬರಬೇಕೆಂಬ ಹಟ ನನಗೆ.

‘ಊಟ ಮಾಡಿ ಹೋಗಿ’ ಎಂದರು ಅತ್ತಿಗೆಯ ಅಮ್ಮ. ‘ಬೇಡ, ಬಸ್ಸುಂಟು’ ಎಂದು ಬಂದುಬಿಟ್ಟೆ. ಹೊಸ ಸಂಬಂಧದ ಮನೆಯಿಂದ ಊಟ ಮಾಡದೆ ಹೊರಟವಳು ನಮ್ಮ ಕುಟುಂಬದಲ್ಲಿ ನಾನೇ ಮೊದಲಿಗಳಿರಬೇಕು.

ನಾನು ಲಾಯಿಲ ಮುಟ್ಟುವ ಮೊದಲೇ ಫೋನು ಬಂದಿತ್ತು. ಅಣ್ಣ ಅಂಗಳದಲ್ಲೇ ನಿಂತಿದ್ದ.

‘ನಿನಗೆ ಹುಚ್ಚು ಹಿಡಿದಿದೆಯಾ? ಬೀಗರ ಮನೆಗೆ ಹೋಗಿ ಸ್ಕ್ರೂ ಬಿಚ್ಚಿದ್ದಾ?’

‘ಹೌದು. ನೀನು ನಮ್ಮ ಮನೆಯಲ್ಲಿ ಬಿಚ್ಚಿದ್ದಲ್ವಾ, ಹಾಗೇ.’

‘ಕಂಪ್ಯೂಟರ್ ನನ್ನದು!’

‘ಹಾಗಾದ್ರೆ ಅದನ್ನು ಕೊಡು. ನನ್ನದನ್ನು ಯಾಕೆ ಕೊಟ್ಟೆ?’

ಅವನು ಕೈಯೆತ್ತಿದ. ಅಪ್ಪ ನಡುವೆ ಬಂದರು. ಅಮ್ಮ ಅಳುತ್ತಿದ್ದರು, ನನ್ನನ್ನೇ ಬೈಯುತ್ತಾ. ಮರುದಿನ ನಾನು ಪ್ರೆಸ್ಸಿಗೆ ಹೋದ ಮೇಲೆ ಅಣ್ಣ ಒಂದು ಜೀಪು ತರಿಸಿ ಮಾನಿಟರು, ಸಿಪಿಯು, ಕೀಬೋರ್ಡು, ಅಮ್ಮ ಹೊಲಿದ ಹೊದಿಕೆ ಸಮೇತ ಎಲ್ಲವನ್ನೂ ಮೂಡುಬಿದಿರೆಗೆ ಕಳಿಸಿದ. ಸಂಜೆ ಬಂದಾಗ ಮೇಜು ಖಾಲಿ. ನನ್ನ ಕೈಯಲ್ಲಿ ಕಾರ್ಡ್ ಇತ್ತು, ಅದನ್ನು ಹಾಕಲು ಕಂಪ್ಯೂಟರೇ ಇರಲಿಲ್ಲ. ನಾನು ಅವನಿಗೆ ಕೊಡು ಎಂದೇ ಹೇಳಿದ್ದೆ, ಆದ್ದರಿಂದ ಏನೂ ಅನ್ನಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಹಲ್ಲು ಕಚ್ಚಿ ಅತ್ತೆ. ದುಃಖಕ್ಕಲ್ಲ, ಎದುರು ಹೊಡೆಯಲು ಏನೂ ಸಿಗದ ಸಿಟ್ಟಿಗೆ.

ಅಣ್ಣ ಕತಾರಿಗೆ ಹೋಗುವ ದಿನವೂ ನಾನು ಮಾತಾಡಲಿಲ್ಲ. ಅವನು ಹೋದ ಮೇಲೆ ಒಂದು ಮಧ್ಯಾಹ್ನ ಅತ್ತಿಗೆ ಬಾವಿಕಟ್ಟೆಯ ಹತ್ತಿರ ಬಟ್ಟೆ ಹಿಂಡುತ್ತಾ ಹೇಳಿದರು. ‘ನನ್ನತ್ರ ಒಂದು ಮಾತು ಹೇಳಿದ್ರೆ ನಾನೇ ತರಿಸಿ ಕೊಡ್ತಿದ್ದೆ. ಅಲ್ಲಿ ಅಮ್ಮ ನನಗೆ ಬೈದ್ರು, ಇಲ್ಲಿ ನಿಮ್ಮಣ್ಣ ನನಗೆ ಬೈದ್ರು. ನಾನು ಆ ಕಾರ್ಡನ್ನು ಕಣ್ಣಲ್ಲಿ ನೋಡ್ಲಿಲ್ಲ.’

ಅಷ್ಟು ದಿನ ಕೇಳದೆ ತೆಗೆದರು, ಕೇಳದೆ ತೆಗೆದರು ಎಂದು ಕುದಿಯುತ್ತಿದ್ದವಳು, ಅದೇ ಮನೆಯಲ್ಲಿದ್ದ ಅತ್ತಿಗೆಯನ್ನು ನಾನೂ ಒಂದು ಮಾತು ಕೇಳಿರಲಿಲ್ಲ. ‘ನಿಮ್ಮತ್ರ ಹೇಳ್ಬೇಕಿತ್ತು, ತಪ್ಪಾಯ್ತು’ ಎಂದೆ. ಅವರು ಬಕೆಟಿನ ಒಂದು ಬದಿ ನನಗೆ ಹಿಡಿಯಲು ಕೊಟ್ಟರು. ಅಷ್ಟಕ್ಕೆ ಆ ಮಾತು ಮುಗಿಯಿತು. ಅತ್ತಿಗೆಯ ವಿಷಯದಲ್ಲಿ ಬಿಟ್ಟರೆ ಆ ಭಾನುವಾರದ ಬಗ್ಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಮುಂದಿನ ಮಳೆಗಾಲದಲ್ಲಿ ಪ್ರೆಸ್ಸಿನ ಮಾಲಕರು ಹೊಸ ಕಂಪ್ಯೂಟರುಗಳನ್ನು ತರಿಸಿದರು. ಹಳೆಯದರಲ್ಲಿ ಒಂದನ್ನು ಗುಜರಿಗೆ ಹಾಕುವ ಮೊದಲು ನಾನು ಡಬ್ಬಿ ಬಿಚ್ಚಿ ನೋಡಿದೆ. ಕಂದು ಸ್ಲಾಟ್ ಇತ್ತು. ಇದು ನನಗೆ ಬೇಕು ಎಂದೆ. ‘ಇದನ್ನು ತೆಗೊಂಡು ಎಂತ ಮಾಡ್ತೀರಿ?’ ಎಂದರು. ‘ಗೇಮ್ ಆಡ್ತೇನೆ’ ಎಂದೆ. ಅವರು ನಗಲಿಲ್ಲ, ಆಟೋ ಹತ್ತಿಸಿ ಕೊಟ್ಟರು. ಆ ಕಾರ್ಡ್ ಅದರಲ್ಲಿ ಇನ್ನೂ ಮೂರು ವರ್ಷ ನಡೆಯಿತು. ಹಾಳಾದದ್ದು ಸಿಡಿಲಿಗೆ, ಯಾರ ಕೈಯಿಂದಲೂ ಅಲ್ಲ.

ಅಣ್ಣ, ನಾನು ಈಗ ಮಾತಾಡುತ್ತೇವೆ. ಅವನು ಊರಿಗೆ ಬಂದು ನೆಲೆಸಿದ್ದಾನೆ. ನೆಂಟರು ಸೇರಿದಲ್ಲೆಲ್ಲ ಅವನಿಗೆ ಈ ಕತೆ ಹೇಳುವುದೆಂದರೆ ಬಲು ಖುಷಿ: ನನ್ನ ತಂಗಿ ಗೇಮಿನ ಹುಚ್ಚಿ, ಸ್ಕ್ರೂಡ್ರೈವರ್ ಹಿಡಿದುಕೊಂಡು ನನ್ನ ಮಾವನ ಮನೆಗೆ ನುಗ್ಗಿದವಳು! ಎಲ್ಲರೂ ನಗುತ್ತಾರೆ. ಅವನ ಕತೆ ನಾನು ಬಸ್ಸು ಹತ್ತುವಲ್ಲಿಂದ ಶುರುವಾಗುತ್ತದೆ. ಹಪ್ಪಳದ ಚೀಲ ಅದರಲ್ಲಿ ಇಲ್ಲ. ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಅವನು ಮತ್ತೆ ಶುರುಮಾಡಿದಾಗ ನಾನು ಎದುರಿನಿಂದಲೇ ಹೇಳಿದೆ.

‘ಅದನ್ನು ಅಲ್ಲಿಗೆ ತೆಗೊಂಡು ಹೋದದ್ದು ಯಾರು? ಅದನ್ನೂ ಹೇಳು.’

‘ಅದೆಲ್ಲ ಹಳೇ ಸಂಗತಿ ಮಾರಾಯ್ತಿ’ ಎಂದ ನಗುತ್ತಾ.

‘ಹಳೇದನ್ನು ಹೇಳ್ತಿರುವುದು ನೀನು’ ಎಂದೆ.

ಪಂಕ್ತಿಯಲ್ಲಿ ಯಾರೂ ನಗಲಿಲ್ಲ. ಅವನ ಪಕ್ಕದಲ್ಲಿದ್ದ ಅತ್ತಿಗೆ ತಲೆ ಎತ್ತದೆ, ‘ಅವರು ಕೇಳಿದ್ದಕ್ಕೆ ಉತ್ತರ ಕೊಡಿ’ ಎಂದರು. ಅವನು ಬಡಿಸುವವನನ್ನು ಕರೆದು ಸಾರು ಹಾಕಿಸಿಕೊಂಡ.